ಹೊಸಮನಿ ಡಾಕ್ಟರು ಹಂಚಿದ ಅವ್ವ

ಹೊಸಮನಿ ಡಾಕ್ಟರು ಕೈ ಕುಲುಕಿದರೆ ಬೇಗ ಬಿಡುತ್ತಿರಲಿಲ್ಲ. ಮೊದಲ ಸಲ ಭೇಟಿಯಾದವರು ಇದು ಗದಗಿನ ಕಡೆಯ ಆದರ ಇರಬೇಕು ಅಂದುಕೊಂಡು ತಾವೂ ನಗುತ್ತ ನಿಂತೇ ಇರುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ವಿಷಯ ಗೊತ್ತಾಗುತ್ತಿತ್ತು. ಅವರ ಬೆರಳುಗಳು ಮೆಲ್ಲಗೆ ಜಾರಿ ನಮ್ಮ ಮಣಿಕಟ್ಟಿನ ಒಳಬದಿಗೆ ಬಂದು ಕೂತಿರುತ್ತಿದ್ದವು. ಅವರು ನಮ್ಮ ಕ್ಷೇಮಸಮಾಚಾರವನ್ನು ಬಾಯಿಂದ ಕೇಳುತ್ತಿದ್ದರೂ ಉತ್ತರವನ್ನು ನಾಡಿಯಿಂದ ತೆಗೆದುಕೊಳ್ಳುತ್ತಿದ್ದರು. "ಏನ್ರೀ, ಆರಾಮ ಅದೀನಿ ಅಂತೀರಿ, ಇದು ಬ್ಯಾರೇನ ಹೇಳಾಕತ್ತೈತಲ್ಲ" ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ಅವರ ಮನೆಗೆ ಬರುವ ಗಂಡಸರು ಎರಡೂ ಕೈಗಳಲ್ಲಿ ಏನಾದರೂ ಹಿಡಿದುಕೊಂಡೇ ಒಳಗೆ ಕಾಲಿಡುತ್ತಿದ್ದರು.

ನಾನು ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮೈಸೂರು ಬಿಟ್ಟು, ಅಮೆರಿಕದ ಸ್ಯಾನ್ ಡಿಯೇಗೊ ಊರಿನ ಲಾ ಹೋಯಾದಲ್ಲಿ ಸಮುದ್ರದ ನೀರಿನ ಮೇಲೆ ಸಂಶೋಧನೆ ಮಾಡಲು ಬಂದವನು, ಹೆಸರು ಮೂರ್ತಿ. ಆ ಊರಲ್ಲಿ ಆಗ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಹೊಸಮನಿಯವರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಮದುವೆಯಾಗದ ಹುಡುಗರಿಗೆಲ್ಲ ಊಟ. ಅವರ ಹೆಂಡತಿ ಕಮಲಕ್ಕ ಮೆಕ್ಸಿಕನ್ ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದು ರೊಟ್ಟಿ ಬಡಿಯುತ್ತಿದ್ದರು. ಡಾಕ್ಟರು ಅದನ್ನು ಪ್ರತಿ ಸಲವೂ ಬೈದು, ಪ್ರತಿ ಸಲವೂ ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದರು. "ರೊಟ್ಟಿ ಅಲ್ಲ ಇದು, ರೊಟ್ಟಿ ಸೋಗು" ಎನ್ನುತ್ತಿದ್ದರು.

ಹುಬ್ಬಳ್ಳಿಯಲ್ಲಿ ಅವರು ಹೆಸರಾಂತ ಸರ್ಜನ್ ಆಗಿದ್ದರಂತೆ. ಅಮೆರಿಕಕ್ಕೆ ಬಂದ ಮೇಲೆ ಮತ್ತೆ ಪರೀಕ್ಷೆ ಬರೆಯಬೇಕಾಯಿತು, ತಮ್ಮ ಅರ್ಧ ವಯಸ್ಸಿನ ಹುಡುಗರ ಕೈಕೆಳಗೆ ಮತ್ತೆ ಇಂಟರ್ನ್ ಆಗಬೇಕಾಯಿತು. ಅಷ್ಟೆಲ್ಲ ಮಾಡಿದ ಮೇಲೂ ಆಪರೇಷನ್ ಥಿಯೇಟರಿನ ಬಾಗಿಲು ಅವರಿಗೆ ತೆರೆಯಲಿಲ್ಲ. ಕೊನೆಗೆ ಕರ್ನಿ ಮೆಸಾ ಬಡಾವಣೆಯ ಒಂದು ಆಫೀಸಿನಲ್ಲಿ, ಜೀವವಿಮೆ ಮಾಡಿಸಲು ಬಂದವರ ಎದೆ ಬಡಿತ ಕೇಳಿ ಸಹಿ ಹಾಕುವ ಕೆಲಸಕ್ಕೆ ಸೇರಿಕೊಂಡರು. ಅಲ್ಲಿಗೆ ಬರುತ್ತಿದ್ದವರೆಲ್ಲ ಕಲ್ಲುಗುಂಡಿನಂಥ ಜನ. "ಬ್ಯಾನಿ ಇದ್ದಾವ ನನ್ನ ಹಂತ್ಯಾಕ ಬರೂದಿಲ್ರೀ. ಬಂದ್ರೂ ಬ್ಯಾನಿ ಇಲ್ಲ ಅಂತ ಸುಳ್ಳು ಹೇಳಾಕ ಬರ್ತಾನ. ನನ್ನ ಕೆಲಸ ಏನು? ಸುಳ್ಳು ಹಿಡಿಯೂದು" ಎಂದು ಅವರು ನಗುತ್ತಿದ್ದರು. ಆ ನಗುವಿನಲ್ಲಿ ಸಂತೋಷ ಇರಲಿಲ್ಲ. ಕಮಲಕ್ಕ ಆಗ ಸುಮ್ಮನೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ಗಂಗಾ. ಡಾಕ್ಟರ ತಾಯಿ ಗಂಗವ್ವನ ಹೆಸರು ಅವಳಿಗೆ. ಹುಬ್ಬಳ್ಳಿಯಿಂದ ಬರುವಾಗ ಸಣ್ಣ ಹುಡುಗಿ, ನಾನು ನೋಡುವ ಹೊತ್ತಿಗೆ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ, ಸಿಟ್ಟು ಬಂದಾಗ ಮಾತ್ರ ಅಪ್ಪಟ ಗದಗಿನ ಕನ್ನಡ ಆಡುವ ಹುಡುಗಿಯಾಗಿದ್ದಳು. ಅವಳು ಡಾಕ್ಟರ್ ಆಗಬೇಕು ಎಂಬುದು ಆ ಮನೆಯಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಹಾಗಂತ ಯಾರೂ ಒತ್ತಾಯ ಮಾಡಿದ್ದೂ ಅಲ್ಲ. ರಸ್ತೆಯಲ್ಲಿ ಕಾಲು ಮುರಿದ ಪಾರಿವಾಳ ಕಂಡರೆ ಕಡ್ಡಿ ಕಟ್ಟಿ ಕೂರಿಸುವ ಮಗು ಅದು. ಅಪ್ಪನ ಪುಸ್ತಕಗಳನ್ನು ನೆಲದ ಮೇಲೆ ಹರಡಿಕೊಂಡು ಕರುಳಿನ ಚಿತ್ರಗಳನ್ನು ಬೆರಳಿಂದ ಸವರುತ್ತ ಕೂರುತ್ತಿದ್ದಳು. ಡಾಕ್ಟರಿಗೆ ಇದ್ದದ್ದು ಒಂದೇ ಹಟ. ತಾವು ತಿಂದ ಅವಮಾನದ ಒಂದು ತುತ್ತೂ ಅವಳ ಬಾಯಿಗೆ ಬರಬಾರದು.

ನಮ್ಮ ಕಡೆ ಪಿಯುಸಿ ಮುಗಿಸಿದವರು ನೇರವಾಗಿ ಮೆಡಿಕಲ್ ಕಾಲೇಜಿಗೆ ಸೇರುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷ ಬೇರೆ ಯಾವುದೋ ಡಿಗ್ರಿ ಮಾಡಬೇಕು, ಆಮೇಲೆ ಮತ್ತೆ ಪರೀಕ್ಷೆ, ಮತ್ತೆ ಅಪ್ಲೈ ಮಾಡಿ ಬಾಗಿಲು ಬಾಗಿಲು ಕಾಯಬೇಕು, ಸಿಕ್ಕರೆ ಸಿಕ್ಕಿತು. ಇದನ್ನು ಕೇಳಿದ ನಮ್ಮ ಜನ ಬೆರಳು ಮಡಿಸಿ ವರ್ಷ ಎಣಿಸುತ್ತಿದ್ದರು. ಲಾಸ್ ಏಂಜಲೀಸಿನ ಒಂದು ಯೂನಿವರ್ಸಿಟಿಯಲ್ಲಿ ಹೈಸ್ಕೂಲಿನಿಂದಲೇ ಮಕ್ಕಳನ್ನು ಆರಿಸಿಕೊಂಡು, ಡಿಗ್ರಿ ಮತ್ತು ಡಾಕ್ಟರಿಕೆ ಎರಡನ್ನೂ ಸೇರಿಸಿ ಏಳು ವರ್ಷದಲ್ಲಿ ಮುಗಿಸುವ ಕೋರ್ಸ್ ಇದೆ ಎಂದು ಪತ್ತೆ ಮಾಡಿದವರು ಹೊಸಮನಿ ಡಾಕ್ಟರು. "ಇದು ನಮ್ಮ ಊರಿನ ಪದ್ಧತೀನರೀ. ಹದಿನೇಳಕ್ಕ ಸೀಟು ಕೈಯಾಗ, ಆಮ್ಯಾಲೆ ಯಾರ ಮುಂದೂ ಕೈ ಒಡ್ಡೂದಿಲ್ಲ" ಎಂದು ಹಬ್ಬದ ಸುದ್ದಿ ಹೇಳುವವರ ಹಾಗೆ ಮನೆಮನೆಗೆ ಫೋನ್ ಮಾಡಿ ಹೇಳಿದರು. ಗಂಗಾಳ ಸರದಿ ಬರಲು ಇನ್ನೂ ಮೂರು ವರ್ಷ ಇತ್ತು. ಅಷ್ಟರಲ್ಲಿ ಬೇರೆಯವರ ಮಕ್ಕಳನ್ನು ತಯಾರು ಮಾಡಿದರೆ ಆ ಕೋರ್ಸಿನ ಒಳದಾರಿಗಳು ತಮಗೂ ತಿಳಿಯುತ್ತವೆ ಎಂಬ ಲೆಕ್ಕವೂ ಅವರಿಗಿತ್ತು.

ಅಂಕಗಳಿಗೆ ನಮ್ಮ ಮಕ್ಕಳಲ್ಲಿ ಬರವಿರಲಿಲ್ಲ. ತೊಂದರೆ ಇದ್ದದ್ದು ಇಂಟರ್‌ವ್ಯೂನಲ್ಲಿ. ಹಾಗಾಗಿ ಭಾನುವಾರದ ಊಟ ಮುಗಿದ ಮೇಲೆ ಅವರ ಹಜಾರದಲ್ಲಿ ಸುಳ್ಳು ಇಂಟರ್‌ವ್ಯೂ ಶುರುವಾಯಿತು. ದಿನವೂ ಅಮೆರಿಕನ್ ಪ್ರೊಫೆಸರುಗಳ ಮಧ್ಯೆ ಓಡಾಡುವವನು, ಜೊತೆಗೆ ಟೈ ಇರುವವನು ಎಂಬ ಎರಡು ಕಾರಣಕ್ಕೆ ನನ್ನನ್ನು ಡೀನ್ ಮಾಡಿದರು. ನಾನು ದೊಡ್ಡ ಕುರ್ಚಿಯಲ್ಲಿ, ಎದುರಿಗೆ ಹುಡುಗ ಅಥವಾ ಹುಡುಗಿ. ಪಕ್ಕದಲ್ಲಿ ಸ್ಟೂಲಿನ ಮೇಲೆ ಡಾಕ್ಟರು, ಮಗುವಿನ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ. ನಾನು ಪ್ರಶ್ನೆ ಕೇಳುತ್ತಿದ್ದೆ. ಮಗು ಉತ್ತರಿಸುವಾಗ ನಾಡಿ ಜೋರಾದರೆ ಡಾಕ್ಟರು ಕಣ್ಣು ತೆರೆದು "ಮತ್ತೊಮ್ಮೆ" ಎನ್ನುತ್ತಿದ್ದರು. ಸುಳ್ಳು ಹೇಳಬಾರದು ಎಂದು ಅವರು ಎಂದೂ ಹೇಳಿದ್ದಿಲ್ಲ. "ಏನ ಬೇಕಾದ್ದು ಹೇಳು ತಮ್ಮಾ, ಆದರ ಇದು ಓಡಬಾರದು" ಎಂದು ಆ ಎಳೆಯ ಮಣಿಕಟ್ಟಿನ ಮೇಲೆ ಬೆರಳಿಂದ ತಟ್ಟುತ್ತಿದ್ದರು.

ಮೊದಲ ಶಿಷ್ಯ ರಮೇಶ. ಜಯನಗರದಿಂದ ಬಂದ ಎಂಜಿನಿಯರರೊಬ್ಬರ ಮಗ, ಗಣಿತದಲ್ಲಿ ಚುರುಕು, ಮಾತಿನಲ್ಲಿ ಕಲ್ಲು. ನೀನು ಯಾಕೆ ಡಾಕ್ಟರ್ ಆಗಬೇಕು ಎಂದು ನಾನು ಕೇಳಿದರೆ ಅವನು ನೆಲ ನೋಡುತ್ತಿದ್ದ. ನಿಜವಾದ ಉತ್ತರ ಎಲ್ಲರಿಗೂ ಗೊತ್ತಿತ್ತು: ಅಪ್ಪ ಹೇಳಿದ್ದಕ್ಕೆ. ಅದನ್ನು ಹೇಳುವ ಹಾಗಿರಲಿಲ್ಲ. ಇಂಟರ್‌ವ್ಯೂ ಹತ್ತಿರ ಬಂದರೂ ಅವನ ಬಾಯಿಂದ ಒಂದು ಕಾರಣ ಹೊರಡಲಿಲ್ಲ. ಅವನ ಅಪ್ಪ ಎಲ್ಲರ ಎದುರಿಗೇ ಹಲ್ಲು ಕಚ್ಚಿ ಬೈದರು, ಹುಡುಗನ ಕಣ್ಣಲ್ಲಿ ನೀರು ತುಂಬಿತು. ಹೊಸಮನಿ ಡಾಕ್ಟರು ಅವನ ಕೈ ಬಿಡದೆ, "ನಮ್ಮವ್ವನ್ನ ತಗೊಂಡು ಹೋಗು ತಮ್ಮಾ" ಎಂದರು. ನಮಗ್ಯಾರಿಗೂ ಅರ್ಥವಾಗಲಿಲ್ಲ. "ನಮ್ಮವ್ವ ಹಳ್ಳ್ಯಾಗ ಹೊಟ್ಟಿಬ್ಯಾನಿ ಬಂದು ಸತ್ತಳು. ಊರಾಗ ಡಾಕ್ಟರ ಇರಲಿಲ್ಲ. ನಾನು ಬಾಜೂಕ ಕುಂತು ಕೈ ಹಿಡಕೊಂಡಿದ್ದೆ. ನಾಡಿ ನನ್ನ ಬೆರಳ ಕೆಳಗ ನಿಂತು ಹೋತು. ಆಕಿ ನಿನ್ನ ಅಜ್ಜಿ ಅಂತ ಹೇಳು. ಆಕಿಗೇನೂ ಸಿಟ್ಟು ಬರೂದಿಲ್ಲ. ಜೀವ ಇದ್ದಾಗೂ ಹಂಗ ಇದ್ದಳು, ಮನಿಗೆ ಬಂದವರಿಗೆ ಇಲ್ಲ ಅಂದಾಕಿ ಅಲ್ಲ."

ತಮಾಷೆಯೆಂದರೆ ರಮೇಶನ ನಿಜವಾದ ಅಜ್ಜಿ ಅದೇ ಹೊತ್ತಿಗೆ ಜಯನಗರದಿಂದ ಮೊಮ್ಮಗನನ್ನು ನೋಡಲು ಬಂದಿದ್ದರು. ಮುಂದಿನ ಭಾನುವಾರ ಅವರು ಕಮಲಕ್ಕನ ಜೊತೆ ಊಟದ ಮೇಜಿನ ಹತ್ತಿರ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಇತ್ತ ಹಜಾರದಲ್ಲಿ ಮೊಮ್ಮಗ ಇಂಗ್ಲಿಷಿನಲ್ಲಿ ಅವರನ್ನು ಸಾಯಿಸುತ್ತಿದ್ದ. ಅವರಿಗೆ ಇಂಗ್ಲಿಷ್ ಬಾರದಿದ್ದರೂ ಗ್ರ್ಯಾಂಡ್‌ಮದರ್ ಎಂಬ ಪದ ಗೊತ್ತಿತ್ತು.

"ನನ್ನ ವಿಷಯ ಏನೋ ಹೇಳ್ತಿದಾನಲ್ಲಪ್ಪ?" ಎಂದು ನನ್ನನ್ನು ಕೇಳಿದರು.

"ಹೌದಮ್ಮಾ. ನಿಮ್ಮನ್ನ ಕಂಡ್ರೆ ಪ್ರಾಣ ಅಂತ ಹೇಳ್ತಿದಾನೆ" ಎಂದೆ.

ಅಜ್ಜಿ ಎದ್ದು ಬಂದು ಮೊಮ್ಮಗನ ಮುಖ ಸವರಿ ಲಟಿಕೆ ಮುರಿದರು. ಡಾಕ್ಟರು ಅವನ ಕೈ ಹಿಡಿದಿದ್ದವರು, "ನೋಡ್ರಿ, ಈಗ ಕುದರಿ ಓಡಿದಂಗ ಓಡಾಕತ್ತೈತಿ. ಅಜ್ಜಿ ಎದುರಿಗಿದ್ದಾಗ ಓಡಲಿಲ್ಲ ಅಂದ್ರ ಎಲ್ಲೂ ಓಡೂದಿಲ್ಲ, ಮತ್ತೊಮ್ಮೆ ಹೇಳು" ಎಂದರು. ಹುಡುಗ ಹೇಳಿದ. ಸಂಜೆಯ ಹೊತ್ತಿಗೆ, ಅಜ್ಜಿ ಪಕ್ಕದಲ್ಲೇ ಕೂತು ಚಕ್ಕುಲಿ ಕೊಡುತ್ತಿದ್ದರೂ, ಅವನ ನಾಡಿ ಒಂದೇ ಸಮನಾಗಿ ನಡೆಯುವುದನ್ನು ಕಲಿತಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಇಂಟರ್‌ವ್ಯೂ ದಿನ ನನ್ನ ಹಳೆಯ ಕಾರಿನಲ್ಲೇ ಲಾಸ್ ಏಂಜಲೀಸಿಗೆ ಹೋದೆವು. ರಮೇಶ ಒಳಗೆ ಹೋದ ಮೇಲೆ ಡಾಕ್ಟರೂ ನಾನೂ ಪಾರ್ಕಿಂಗ್ ಜಾಗದ ಪಕ್ಕದ ಬೆಂಚಿನಲ್ಲಿ ಕೂತೆವು. ಅವರು ತಮ್ಮ ಎಡಗೈಯನ್ನು ತಾವೇ ಹಿಡಿದುಕೊಂಡಿದ್ದರು. ನಾನು ಏನೂ ಕೇಳದಿದ್ದರೂ ಹೇಳಿದರು.

"ಊರಾಗ ಡಾಕ್ಟರ ಇರಲಿಲ್ಲ ಅಂತ ಆ ಹುಡುಗಗ ಹೇಳಿಕೊಟ್ಟೆ. ಇದ್ದರೀ ಮೂರ್ತಿಯವರ. ನಾನs ಇದ್ದೆ."

ಆಗ ಅವರು ಮೆಡಿಕಲ್ ಕಾಲೇಜಿನ ಮೊದಲ ವರ್ಷ ಮುಗಿಸಿ ರಜೆಗೆ ಊರಿಗೆ ಹೋಗಿದ್ದರಂತೆ. ಮೊದಲ ವರ್ಷ ಅಂದರೆ ಹೆಣ ಬಿಟ್ಟು ಬೇರೆ ಯಾರನ್ನೂ ಮುಟ್ಟದ ಕಾಲ. ತಾಯಿಗೆ ಹೊಟ್ಟೆನೋವು ಬಂತು. ಗದಗಿನ ದವಾಖಾನೆಗೆ ಕರೆದುಕೊಂಡು ಹೋಗೋಣ ಎಂದು ಚಿಕ್ಕಪ್ಪ ಗಾಡಿ ಕಟ್ಟಿಸಲು ಹೊರಟಿದ್ದರು. ಗಂಗವ್ವ, ಮನೆಯಲ್ಲೇ ಡಾಕ್ಟರ್ ಇರುವಾಗ ಗದಗ ಯಾಕೆ, ನನ್ನ ಮಗ ನೋಡಲಿ ಎಂದು ಕೈ ಚಾಚಿದರು. ಮಗ ಕೈ ಹಿಡಿದು ನೋಡಿದ. ಎಲ್ಲರೂ ಅವನ ಮುಖ ನೋಡುತ್ತ ನಿಂತಿದ್ದರು. ಏನೂ ಇಲ್ಲ, ವಾಯು, ಅಜವಾನದ ನೀರು ಕುಡಿದರೆ ಹೋಗುತ್ತದೆ ಎಂದ. ಮಾರನೆಯ ದಿನ ಗಂಗವ್ವ ಸತ್ತರು.

"ಹೊಟ್ಟ್ಯಾಗ ಅಪೆಂಡಿಕ್ಸ್ ಒಡದಿತ್ತು. ನಾಡಿ ಓಡತಿತ್ತರೀ. ಓಡತೈತಿ ಅಂತ ನನಗ ತಿಳೀತು. ಯಾಕ ಓಡತೈತಿ ಅಂತ ತಿಳೀಲಿಲ್ಲ. ತಿಳೀಲಿಲ್ಲ ಅಂತ ಅಷ್ಟು ಮಂದಿ ಮುಂದ ಹೇಳಾಕ ನಾಚಿಕಿ ಆತು."

ಇದನ್ನು ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಲಿಲ್ಲ. ಈ ಮಾತು ಕಮಲಕ್ಕನಿಗೂ ಗಂಗಾಳಿಗೂ ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ ಎಂದರು. ಅಷ್ಟರಲ್ಲಿ ರಮೇಶ ಹೊರಗೆ ಬಂದ. ಇಂಟರ್‌ವ್ಯೂ ಮಾಡಿದ ಮುದಿ ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು ಎಂದು ನಗುತ್ತ ಹೇಳಿದ.

ರಮೇಶನಿಗೆ ಸೀಟು ಸಿಕ್ಕಿತು. ನಮ್ಮ ಜನಕ್ಕೆ ಅದು ಸಿಕ್ಕಿದ್ದು ಅವನ ಗಣಿತದಿಂದ ಅಲ್ಲ, ಅಜ್ಜಿಯಿಂದ ಎಂಬ ನಂಬಿಕೆ ಬೇರೂರಿಬಿಟ್ಟಿತು. ಒಳ್ಳೆ ಡೆಂಟಿಸ್ಟ್ ಯಾರು ಎಂದು ಕೇಳಿಕೊಂಡು ಅಲ್ಲಿಗೇ ಹೋಗುವ ಹಾಗೆ, ಮುಂದಿನ ವರ್ಷ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಬಂದು "ಡಾಕ್ಟ್ರೇ, ರಮೇಶಂಗೆ ಹೇಳಿಕೊಟ್ಟಿದ್ದನ್ನೇ ನಮ್ಮವನಿಗೂ ಹೇಳಿಕೊಡಿ" ಎಂದು ಕೇಳತೊಡಗಿದರು. ಬೇರೆ ಏನಾದರೂ ಹೇಳೋಣ ಎಂದು ಡಾಕ್ಟರು ಮೊದಮೊದಲು ಹೇಳಿನೋಡಿದರು. "ನಿಮ್ಮ ಮಗಳಿಗೆ ಅಂತ ಇಟ್ಕೊಂಡಿದೀರಾ?" ಎಂದು ಒಬ್ಬ ಮಹಾರಾಯರು ನಗುನಗುತ್ತಲೇ ಚುಚ್ಚಿದ ಮೇಲೆ ಅವರು ಯಾರಿಗೂ ಇಲ್ಲ ಎನ್ನಲಿಲ್ಲ. ಲಾಸ್ ಏಂಜಲೀಸಿನಿಂದಲೂ ಕಾರು ಮಾಡಿಕೊಂಡು ಜನ ಬರತೊಡಗಿದರು.

ಎರಡು ವರ್ಷದಲ್ಲಿ ಗಂಗವ್ವ ಎಲ್ಲೆಲ್ಲಿ ಸತ್ತರು ಎಂದು ಹೇಳಿದರೆ ನೀವು ನಂಬುವುದಿಲ್ಲ. ಒಬ್ಬಳು ಅವರನ್ನು ಮಂಡ್ಯದ ಕಬ್ಬಿನ ಗದ್ದೆಯ ಪಕ್ಕ ಸಾಯಿಸಿದಳು. ಉಡುಪಿ ಕಡೆಯ ಹುಡುಗನೊಬ್ಬ ದೋಣಿಯಲ್ಲಿ ಮಲಗಿಸಿ ಹೊಳೆ ದಾಟಿಸುವಾಗ ಸಾಯಿಸಿದ. ಇನ್ನೊಬ್ಬನ ತಾಯಿ ಹೊಟ್ಟೆನೋವಿನಲ್ಲಿ ಗಾಂಭೀರ್ಯ ಇಲ್ಲ ಎಂದು ಹಾವು ಕಚ್ಚಿಸಿದರು. ಹೆಸರು ರುಕ್ಮಿಣಿ ಆಯಿತು, ಸೀತಮ್ಮ ಆಯಿತು. ಬದಲಾಗದೆ ಉಳಿದದ್ದು ಕೊನೆಯ ಭಾಗ ಮಾತ್ರ: ಕೈಯಲ್ಲಿ ಕೈ, ಬೆರಳಿನ ಕೆಳಗೆ ನಿಂತುಹೋದ ನಾಡಿ. ಕೆಲವರಿಗೆ ಸೀಟು ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಸಿಗದವರ ಮನೆಯವರು ಹುಡುಗ ಸರಿಯಾಗಿ ಅಳಲಿಲ್ಲ ಎಂದರು. ನಾನು ಡೀನನ ಕುರ್ಚಿಯಲ್ಲಿ ಕೂತು ವಾರವಾರವೂ ಆ ಸಾವನ್ನು ಕೇಳುತ್ತಿದ್ದೆ. ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತ ಮನುಷ್ಯ ತನ್ನ ತಾಯಿ ಸಾಯುವುದನ್ನು ಎಳೆ ಮಕ್ಕಳ ಬಾಯಿಂದ ಕೇಳುತ್ತ, ತಪ್ಪು ತಿದ್ದುತ್ತ ಇರುತ್ತಿದ್ದರು. ಆಗ ಅವರು ನನಗೆ ದೊಡ್ಡ ಮನುಷ್ಯರಾಗಿ ಕಂಡಿದ್ದರು. ಈಗ ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ. ಒಬ್ಬ ತಾಯಿಯನ್ನು ಹೀಗೆ ತೇಯ್ದು ತೇಯ್ದು ಮುಗಿಸುವುದು ಔದಾರ್ಯವೋ, ಅವಳಿಂದ ತಪ್ಪಿಸಿಕೊಳ್ಳುವ ದಾರಿಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಕೊನೆಗೆ ಗಂಗಾಳ ಸರದಿ ಬಂತು. ಅವಳಿಗೆ ತಯಾರಿಯೇ ಬೇಕಿರಲಿಲ್ಲ. ನಾನು ಡೀನನ ದನಿಯಲ್ಲಿ ಮಾಮೂಲಿ ಪ್ರಶ್ನೆ ಕೇಳಿದೆ. ಅವಳು ನನ್ನನ್ನು ನೋಡದೆ ಪಕ್ಕದಲ್ಲಿದ್ದ ಅಪ್ಪನನ್ನು ನೋಡಿ ಇಂಗ್ಲಿಷಿನಲ್ಲಿ ಶುರು ಮಾಡಿದಳು: ನನ್ನ ಅಪ್ಪ ವಿದ್ಯಾರ್ಥಿಯಾಗಿದ್ದಾಗ ತನ್ನ ತಾಯಿಯ ನಾಡಿ ಹಿಡಿದು ತಪ್ಪು ಹೇಳಿದ. ಗೊತ್ತಿಲ್ಲ ಎಂದು ಹೇಳಲು ನಾಚಿಕೊಂಡ. ಗೊತ್ತಿಲ್ಲ ಎಂದು ಹೇಳಬಲ್ಲ ಡಾಕ್ಟರ್ ಆಗಬೇಕು ಎಂದು ನನಗೆ ಆಸೆ.

ಅಷ್ಟು ವರ್ಷ ಆ ಹಜಾರದಲ್ಲಿ ಕೇಳಿದ ಉತ್ತರಗಳಲ್ಲಿ ಅಂಥದ್ದು ಇರಲಿಲ್ಲ. ನಾನು ನಿಜವಾದ ಡೀನ್ ಆಗಿದ್ದರೆ ಎದ್ದು ನಿಂತು ಸೀಟು ಕೊಡುತ್ತಿದ್ದೆ. ಡಾಕ್ಟರು ಮಗಳ ಕೈ ಬಿಟ್ಟುಬಿಟ್ಟರು. ಯಾರದಾದರೂ ಕೈಯನ್ನು ಅವರು ತಾವಾಗಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅದು ಬ್ಯಾಡ" ಎಂದರು.

"ಯಾಕ ಬ್ಯಾಡ? ಅದು ಖರೇ ಐತಿ" ಎಂದಳು ಗಂಗಾ. ಕನ್ನಡಕ್ಕೆ ಬಂದಳೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ.

"ಡಾಕ್ಟರನ ತಪ್ಪಿಂದ ಸತ್ತಳು ಅಂತ ಡಾಕ್ಟರಗೋಳ ಮುಂದ ಹೇಳ್ತೀಯೇನು? ಮೈಮ್ಯಾಲೆ ಬರ್ತಾರ. ಇಂಥಾವನ ಮಗಳಿಗೆ ಯಾರು ಸೀಟ ಕೊಡ್ತಾರ? ಎಲ್ಲಾರೂ ಹೇಳಿದ್ದನ್ನs ಹೇಳು. ಹಳ್ಳಿ, ಡಾಕ್ಟರ ಇಲ್ಲ, ಮುಗೀತು."

"ಎಲ್ಲಾರೂ ಹೇಳ್ಯಾರಲ್ಲ ಅಪ್ಪಾ!"

"ಅವರದು ಸುಳ್ಳು. ನಿಂದು ಖರೇ. ನಿನ್ನ ಹೆಸರs ಆಕೀದು. ಕೇಳಿದವರಿಗೆ ತಿಳೀತೈತಿ" ಎಂದರು. ಸುಳ್ಳು ಹಿಡಿಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಮನುಷ್ಯ, ನಿಜ ತಾನಾಗಿಯೇ ಹೊಳೆಯುತ್ತದೆ ಎಂದು ನಂಬಿದ್ದರು. ನಾನು ಬಾಯಿ ಹಾಕಿ, ಅವಳು ಹೇಳುವುದು ಸರಿ ಇದೆ ಡಾಕ್ಟ್ರೇ ಎಂದೆ. "ನೀವು ಉಪ್ಪುನೀರು ನೋಡ್ಕೋರಿ" ಎಂದುಬಿಟ್ಟರು. ಮಗಳ ಮಣಿಕಟ್ಟು ಮತ್ತೆ ಹಿಡಿದು, ಅಜ್ಜಿ ಸತ್ತ ಮಾತು ಬಂದಾಗೆಲ್ಲ ಅವಳ ದನಿ ನಡುಗುತ್ತಿದ್ದುದನ್ನು ನಿಲ್ಲಿಸುವ ತನಕ ಅಭ್ಯಾಸ ಮಾಡಿಸಿದರು. ಕಮಲಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಲಾಸ್ ಏಂಜಲೀಸಿನ ಅದೇ ಬೆಂಚು, ಅದೇ ನಾವಿಬ್ಬರು. ಒಳಗಿದ್ದದ್ದೂ ಅದೇ ಮುದಿ ಪ್ರೊಫೆಸರು. ಗಂಗಾ ಬಹಳ ಬೇಗ ಹೊರಗೆ ಬಂದಳು. ನೇರ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಊರು ದಾಟಿ, ರಸ್ತೆಯ ಬಲಕ್ಕೆ ಸಮುದ್ರ ಕಾಣಿಸತೊಡಗಿದ ಮೇಲೆ ಡಾಕ್ಟರು ತಡೆಯಲಾರದೆ ಹಿಂದೆ ತಿರುಗಿ ಏನಾಯಿತೆಂದು ಕೇಳಿದರು.

ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ತಣ್ಣಗೆ, ಅವರು ಕಲಿಸಿದ ಹಾಗೇ. ಅಜ್ಜಿಯ ಮಾತು ಶುರುವಾದ ಕೂಡಲೇ ಪ್ರೊಫೆಸರು ಕೈಯೆತ್ತಿ ತಡೆದರಂತೆ. ಮುಂದಿನದನ್ನು ನಾನು ಹೇಳಲೇ ಎಂದು ಕೇಳಿ, ಕೈಯಲ್ಲಿ ಕೈ, ಬೆರಳಿನ ಕೆಳಗೆ ನಿಂತುಹೋದ ನಾಡಿ, ಎಲ್ಲವನ್ನೂ ಅವರೇ ಹೇಳಿ ಮುಗಿಸಿದರಂತೆ. ಆಮೇಲೆ, ನಿಮ್ಮ ದೇಶದಲ್ಲಿ ಅಜ್ಜಿಯಂದಿರು ಬದುಕುಳಿಯುವ ಒಂದು ಹಳ್ಳಿಯಾದರೂ ಇದೆಯಾ ಎಂದು ಕೇಳಿದರಂತೆ. ಪಕ್ಕದಲ್ಲಿದ್ದವರು ನಕ್ಕರಂತೆ.

"ಗಂಗವ್ವ ಅಂತ ಹೆಸರು ಹೇಳಿದ್ಯೇನು? ನಿನ್ನ ಹೆಸರು ಆಕೀದs ಅಂತ ಹೇಳಬೇಕಿತ್ತಲ್ಲ?" ಡಾಕ್ಟರ ದನಿ ಒಡೆದಿತ್ತು.

"ಹೇಳಿದೆ. ಹ್ವಾದ ವರ್ಷ ಆಕಿ ಹೆಸರು ರುಕ್ಮಿಣಿ ಇತ್ತಲ್ಲ ಅಂದ್ರು."

"ಖರೇ ಹೇಳಬೇಕಿತ್ತಲ್ಲ ಯವ್ವಾ, ಆವಾಗಾದ್ರೂ ನನ್ನ ವಿಷಯ..."

"ಬ್ಯಾಡ ಅಂದವರು ಯಾರು?"

ಡಾಕ್ಟರು ಮುಂದಿನ ಸೀಟಿನಿಂದ ಹಿಂದಕ್ಕೆ ಕೈ ಚಾಚಿದರು. ಗಂಗಾ ತನ್ನೆರಡು ಕೈಗಳನ್ನೂ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಳು. ಸ್ಯಾನ್ ಡಿಯೇಗೊ ಹತ್ತಿರದ ಟೊರ್ರಿ ಪೈನ್ಸ್ ಗುಡ್ಡ ಬರುವ ತನಕ ಅವರ ಕೈ ಹಾಗೇ ಗಾಳಿಯಲ್ಲಿ ಇತ್ತು. ನಾನು ರಸ್ತೆ ನೋಡಿಕೊಂಡು ಡ್ರೈವ್ ಮಾಡಿದೆ.

ಅವಳಿಗೆ ಸೀಟು ಸಿಗಲಿಲ್ಲ. ನಾಲ್ಕು ವರ್ಷದ ದಾರಿ ಇದ್ದೇ ಇತ್ತು, ಅವಳಷ್ಟು ಬುದ್ಧಿವಂತೆಗೆ ಅದು ಕಷ್ಟವೂ ಆಗಿರಲಿಲ್ಲ. ಎಲ್ಲರೂ ಹೇಳಿದರು, ನಾನೂ ಹೇಳಿದೆ. ಮತ್ತೆ ಯಾವತ್ತೋ ಒಂದು ದಿನ ಯಾರೋ ಯಾಕೆ ಡಾಕ್ಟರ್ ಆಗಬೇಕು ಎಂದು ಕೇಳುತ್ತಾರೆ, ಆಗ ಏನು ಹೇಳಲಿ ಅಂಕಲ್ ಎಂದಳು. ಅವಳು ಭೂವಿಜ್ಞಾನ ಓದಿ, ಕಟ್ಟಡ ಕಟ್ಟುವ ಮೊದಲು ನೆಲದ ಮಣ್ಣು ಪರೀಕ್ಷಿಸುವ ಲಾಸ್ ಏಂಜಲೀಸಿನ ಆಫೀಸೊಂದಕ್ಕೆ ಸೇರಿದಳು.

ನಮ್ಮ ಜನ ಹೊಸಮನಿ ಡಾಕ್ಟರ ಮನೆಗೆ ಬರುವುದನ್ನು ಬಿಟ್ಟರು. ಸ್ವಂತ ಮಗಳಿಗೇ ಕೊಡಿಸಲಾಗದವರು ನಮ್ಮವರಿಗೇನು ಕೊಡಿಸಿಯಾರು ಎಂದು ಮಾತಾಡಿಕೊಂಡರು. ಆ ಹುಡುಗಿಯ ಬಾಯಿಂದ ಅನ್ನ ಕಿತ್ತುಕೊಂಡು ತಿಂದವರು ತಾವೇ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಒಬ್ಬ ತಂದೆ ಮಾತ್ರ ಫೋನ್ ಮಾಡಿ, "ಡಾಕ್ಟ್ರೇ, ಬೇರೆ ಕಥೆ ಏನಾದರೂ ಇದೆಯಾ? ತಾತ ಆದರೂ ಪರವಾಗಿಲ್ಲ" ಎಂದು ಕೇಳಿದರಂತೆ. ಡಾಕ್ಟರು ಇದನ್ನು ನನಗೆ ಹೇಳಿ ನಕ್ಕರು. ಆ ನಗುವನ್ನು ಇನ್ನೊಮ್ಮೆ ಕೇಳುವ ಶಕ್ತಿ ನನಗಿರಲಿಲ್ಲ.

ಗಂಗಾ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಅಪ್ಪನಿಗೆ ಔಷಧಿ ತರುತ್ತಿದ್ದಳು. ಆದರೆ ಬಾಗಿಲಲ್ಲಿ ಅವರು ಕೈ ಚಾಚಿದರೆ ಇವಳು ದೂರದಿಂದಲೇ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದಳು. ನೋಡಿದವರು, ಅಮೆರಿಕದಲ್ಲಿ ಬೆಳೆದರೂ ಎಂಥ ಸಂಸ್ಕಾರ ಎಂದು ಹೊಗಳುತ್ತಿದ್ದರು. ಡಾಕ್ಟರು ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ತಾವೂ ನಮಸ್ಕಾರ ಮಾಡುತ್ತಿದ್ದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಎಂಬತ್ತರ ದಶಕದ ನಡುವೆ, ಅವರ ಹೃದಯ ಸೋತು ಹಾಸಿಗೆ ಹಿಡಿದಾಗ. ನನ್ನ ಕೈ ತೆಗೆದುಕೊಂಡು ಎಂದಿನಂತೆ ಬೆರಳಿಟ್ಟರು. ಬೆರಳುಗಳಲ್ಲಿ ಹುರುಪಿರಲಿಲ್ಲ.

"ಛಲೋ ಐತಿ ನಿಮ್ಮದು" ಎಂದರು. ಆಮೇಲೆ ಗೋಡೆ ನೋಡುತ್ತ, "ಅವ್ವನ್ನ ಕಂಡಕಂಡವರಿಗೆಲ್ಲ ಕೊಟ್ಟೆ ಮೂರ್ತಿಯವರ. ನನ್ನ ಮಗಳಿಗೆ ಉಳೀಲಿಲ್ಲ" ಎಂದರು.

"ಗಂಗಾ ಬರ್ತಾಳೆ ಡಾಕ್ಟ್ರೇ, ಫೋನ್ ಮಾಡಿದೀನಿ" ಎಂದೆ.

"ಬರ್ತಾಳ. ಕೈ ಕೊಡೂದಿಲ್ಲ" ಎಂದು ಕಣ್ಣು ಮುಚ್ಚಿದರು. ಅವಳು ಲಾಸ್ ಏಂಜಲೀಸಿನಿಂದ ಬಂದು ತಲುಪುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಅವರ ನೆನಪಿಗೆ ಒಂದು ಸಭೆ ಸೇರಿಸಿದಾಗ, ಅಷ್ಟು ವರ್ಷ ಆ ಮನೆಯ ಕಡೆ ತಲೆ ಹಾಕದಿದ್ದವರೆಲ್ಲ ಬಂದರು. ಅವರು ತಯಾರು ಮಾಡಿದ ಮಕ್ಕಳು ಒಳ್ಳೊಳ್ಳೆ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಹಿಂದುಗಡೆ ಗಂಗಾಳ ಪಕ್ಕ ಕೂತಿದ್ದೆ. ಎಲ್ಲರ ಪರವಾಗಿ ಮಾತಾಡಲು ಎದ್ದವನು ರಮೇಶ. ಈಗ ಹೃದಯರೋಗ ತಜ್ಞ, ಮಾತಿನಲ್ಲೂ ಪಳಗಿದ್ದ. ಹೊಸಮನಿ ಅಂಕಲ್ ತನ್ನ ಜೀವನಕ್ಕೆ ದಾರಿ ತೋರಿದರು ಎಂದ. ಅದನ್ನು ಹೇಳುವುದಕ್ಕೆ ತನ್ನ ಅಜ್ಜಿಯ ವಿಷಯ ಹೇಳಬೇಕು ಎಂದ. ಚಿಕ್ಕವನಿದ್ದಾಗ ತನ್ನ ಅಜ್ಜಿ ಡಾಕ್ಟರಿಲ್ಲದ ಹಳ್ಳಿಯಲ್ಲಿ ಹೊಟ್ಟೆನೋವಿನಿಂದ ನರಳಿ ಸತ್ತರು, ತಾನು ಅವರ ಕೈ ಹಿಡಿದುಕೊಂಡಿದ್ದೆ, ನಾಡಿ ತನ್ನ ಬೆರಳಿನ ಕೆಳಗೇ ನಿಂತುಹೋಯಿತು, ಆ ಹೊತ್ತು ಇವತ್ತಿಗೂ ತನ್ನ ಕಣ್ಣ ಮುಂದಿದೆ ಎಂದ. ಚಕ್ಕುಲಿ ಕೊಟ್ಟ ಆ ಜಯನಗರದ ಅಜ್ಜಿ ಹಿಂದಿನ ವರ್ಷವಷ್ಟೇ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ರಜೆ ಇಲ್ಲವೆಂದು ಇವನು ಹೋಗಿರಲಿಲ್ಲ. ಮುಂದಿನ ಸಾಲಿನಲ್ಲಿ ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಸುತ್ತ ನೋಡಿದೆ. ಒಬ್ಬರ ಮುಖದಲ್ಲೂ ನಗು ಇರಲಿಲ್ಲ, ಎಲ್ಲರೂ ನಿಜವಾಗಿಯೇ ಅಳುತ್ತಿದ್ದರು.

ಗಂಗಾಳ ಕಣ್ಣು ಒಣಗಿಯೇ ಇತ್ತು. ಸಭೆ ಮುಗಿದ ಮೇಲೆ ರಮೇಶ ಅವಳ ಹತ್ತಿರ ಬಂದು ಕೈ ಚಾಚಿದ. ಅಪ್ಪನಿಗೆ ಮಾಡುತ್ತಿದ್ದಂತೆ ದೂರದಿಂದ ಕೈ ಮುಗಿಯುತ್ತಾಳೆ ಎಂದುಕೊಂಡೆ. ಅವಳು ಮುಗಿಯಲಿಲ್ಲ. ಅವನ ಕೈ ಹಿಡಿದುಕೊಂಡಳು. ಅವನು ಏನೋ ಸಮಾಧಾನದ ಮಾತು ಹೇಳುತ್ತಲೇ ಇದ್ದ, ಇವಳು ಕೇಳುತ್ತ ಬಿಡದೆ ನಿಂತಿದ್ದಳು. ಅವಳ ಬೆರಳುಗಳು ಮೆಲ್ಲಗೆ ಜಾರಿ ಅವನ ಮಣಿಕಟ್ಟಿನ ಒಳಬದಿಗೆ ಬಂದದ್ದು ನನ್ನೊಬ್ಬನಿಗೆ ಕಾಣಿಸಿತು. "ಸತ್ತ ನನ್ನ ಅಜ್ಜಿಗಿಂತ ಅಂಕಲ್ ನನಗೆ ಹೆಚ್ಚು" ಎಂದು ಅವನು ಮುಗಿಸಿದಾಗ ಅವಳು ಕೈ ಬಿಟ್ಟಳು.

ಅವನು ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿ, "ಓಡಲಿಲ್ಲ ಅಂಕಲ್. ಒಂಚೂರೂ ಓಡಲಿಲ್ಲ. ಅಪ್ಪಾ ಅಷ್ಟು ಛಲೋ ಕಲಿಸ್ಯಾರ" ಎಂದಳು. ಆಮೇಲೆ ಕುರ್ಚಿಯ ಮೇಲೆ ಕೂತು, ತನ್ನ ಮಣಿಕಟ್ಟನ್ನು ತಾನೇ ಹಿಡಿದುಕೊಂಡು, ಅಪ್ಪ ಹೋದ ಮೇಲೆ ಮೊದಲ ಸಲ ಅತ್ತಳು.